ಮೊದಲು ಪತ್ರ, ಆಮೇಲೆ ಪ್ರಾರ್ಥನೆ



ನಮ್ಮಲ್ಲಿ ಬಹಳ ಮಂದಿ ಹುಟ್ಟಿದ್ದು ಎಸ್ಟೇಟಿನ ಲೈನು ಮನೆಯಲ್ಲಿ. ತಳಿ, ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ನಮ್ಮ ಹಿರಿಯರು ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಕೊಡಗಿನ ಕಾಫಿ ತೋಟಗಳಿಗೆ ಹೋದರು. ಅಲ್ಲಿ ಒಂದು ಕೋಣೆ, ಒಂದು ಒಲೆ, ಮುಂದೆ ಒಂದು ಜಗಲಿ. ಮದುವೆ, ಬಾಣಂತನ, ಸಾವು ಎಲ್ಲವೂ ಅದರಲ್ಲೇ ಆಯಿತು. ಆದರೆ ಆ ಮನೆ ನಮ್ಮದಾಗಿರಲಿಲ್ಲ. ತೋಟದಲ್ಲಿ ವಾಸಿಸುವ ಕೆಲಸಗಾರರಿಗೆ ವಸತಿ ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರ ಮೇಲೆ ಹೊರಿಸಿತು. ಆ ಕಾಯಿದೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿತು. ಕಾಯಿದೆಯ ಹೆಸರು ಏನೇ ಇರಲಿ, ಸಿಕ್ಕಿದ್ದು ಕೆಲಸವಿರುವ ತನಕದ ವಸತಿ ಮಾತ್ರ. ಚೆಕ್‌ರೋಲಿನಿಂದ ಹೆಸರು ತೆಗೆದ ಮೇಲೆ ಬೀಗದ ಕೈಯನ್ನೂ ಒಪ್ಪಿಸಬೇಕು. ಮೂವತ್ತು ವರ್ಷ ಗುಡಿಸಿ ಸಾರಿಸಿದ ಮನೆಯಿಂದ ಪಾತ್ರೆ ಮೂಟೆ ಕಟ್ಟಿಕೊಂಡು ಇಳಿದು ಬಂದವರು ನಮ್ಮ ನಡುವೆ ಇನ್ನೂ ಇದ್ದಾರೆ.

ಅವರ ಮಕ್ಕಳು ಇಂದು ಇನ್ನೊಂದು ಬಗೆಯ ಎಸ್ಟೇಟಿನಲ್ಲಿ ದುಡಿಯುತ್ತಿದ್ದಾರೆ. ಹೊಸೂರಿನಲ್ಲಿ 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಎಸ್ಟೇಟು ಆರಂಭವಾಯಿತು. 1980ರ ಹೊತ್ತಿಗೆ ಲಾರಿ ಮತ್ತು ಮೊಪೆಡ್ ಕಾರ್ಖಾನೆಗಳು, 1987ರಲ್ಲಿ ಟೈಟನ್ ಗಡಿಯಾರ, ಈಚೆಗೆ ಡೆಂಕಣಿಕೋಟೆ ತಾಲೂಕಿನಲ್ಲಿ ಫೋನಿನ ಬಿಡಿಭಾಗಗಳ ಕಾರ್ಖಾನೆ ಬಂದಿವೆ. ಕಾಫಿ ಹಣ್ಣು ಕೊಯ್ದ ಕೈಗಳ ಮೊಮ್ಮಕ್ಕಳು ಈಗ ಶಿಫ್ಟಿನ ಬಸ್ಸು ಹತ್ತುತ್ತಾರೆ. ಇಲ್ಲಿ ಕಂಪನಿ ಲೈನು ಮನೆ ಕೊಡುವುದಿಲ್ಲ. ಆದರೂ ನಾವು ಇರುವುದು ಸಾಲಾಗಿ ಕಟ್ಟಿದ ಬಾಡಿಗೆ ಕೋಣೆಗಳಲ್ಲಿ, ನಾಲ್ಕು ಮನೆಗೆ ಒಂದು ಪಾಯಿಖಾನೆ. ಅಲ್ಲಿ ದೊರೆ ಹೇಳಿದಾಗ ಬಿಡುತ್ತಿದ್ದೆವು. ಇಲ್ಲಿ ಮನೆಯ ಯಜಮಾನ ಹೇಳಿದಾಗ ಬಿಡುತ್ತೇವೆ.

ಹೀಗಿರುವಲ್ಲಿ ಸ್ವಂತ ಮನೆ ಬೇಕೆಂಬ ಆಸೆ ತಪ್ಪಲ್ಲ. ಅದು ದುರಾಸೆಯೂ ಅಲ್ಲ. ಆದರೆ ಆ ಆಸೆಯನ್ನೇ ಬಂಡವಾಳ ಮಾಡಿಕೊಂಡವರು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಅದರ ಬಗ್ಗೆಯೇ ಈ ಸಲ ಬರೆಯುತ್ತೇವೆ. ಉಪದೇಶಿಯ ಕೆಲಸವನ್ನೂ ಸಂಘದ ಕೆಲಸವನ್ನೂ ಮಾಡುವ ನಾವು ಇದರಲ್ಲಿ ಮಾಡಿದ ತಪ್ಪನ್ನೂ ಮುಚ್ಚಿಡುವುದಿಲ್ಲ.

ತಮಿಳುನಾಡಿನ ಉತ್ತರದ ಅಂಚಿನಲ್ಲಿ, ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ನಮ್ಮ ಹೊಸೂರು ಇದೆ. ಹೆಸರೇ ಹೇಳುವಂತೆ ಅದು ಎಂದೂ ಹೊಸ ಊರೇ. 1992ರಲ್ಲಿ ಪುರಸಭೆಯಾಯಿತು, 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ತಂಪು ಹವೆ, ಹತ್ತಿರದ ಬೆಂಗಳೂರು, ಸಾಲು ಕಾರ್ಖಾನೆ. ಇವೆಲ್ಲ ಸೇರಿ ನೆಲದ ಬೆಲೆ ಏರುತ್ತಲೇ ಬಂದಿದೆ. 2024ರ ಜೂನಿನಲ್ಲಿ ಹೊಸೂರಿಗೆ ವಿಮಾನ ನಿಲ್ದಾಣ ತರುವುದಾಗಿ ರಾಜ್ಯ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿದ ಮೇಲಂತೂ ದಲ್ಲಾಳಿಗಳ ಬಾಯಿಗೆ ಬಿಡುವಿಲ್ಲ. ರಾಗಿ ಹೊಲದಲ್ಲಿ ಬಿಳಿ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿ, ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಬಿರಿಯಾನಿ ಹಾಕಿಸಿ, "ಇವತ್ತು ಅಡ್ವಾನ್ಸ್ ಕೊಟ್ಟರೆ ಈ ರೇಟು, ನಾಳೆ ಬಂದರೆ ಇಲ್ಲ" ಎನ್ನುತ್ತಾರೆ. ಕೆಲಸದಿಂದ ನಿವೃತ್ತರಾದವರ ಕೈಗೆ ಹಣ ಬಂದ ಸುದ್ದಿ ನಮ್ಮ ಕಿವಿಗೆ ಬೀಳುವ ಮೊದಲು ಇವರ ಕಿವಿಗೆ ಬಿದ್ದಿರುತ್ತದೆ.

ನಮ್ಮ ಕೂಟದ ಒಬ್ಬ ಅಣ್ಣ ಕೊಡಗಿನ ತೋಟದಲ್ಲಿ 31 ವರ್ಷ ದುಡಿದು ಬಂದರು. ಮಗ ಇಲ್ಲಿ ಕಂಟ್ರಾಕ್ಟ್ ಕೆಲಸಗಾರ. ಗ್ರಾಚ್ಯುಟಿ, ಪಿ.ಎಫ್. ಎರಡನ್ನೂ ಸೇರಿಸಿ ಊರ ಹೊರಗೆ 20ಕ್ಕೆ 30 ಅಡಿ ಅಳತೆಯ ಸೈಟು ತೆಗೆದುಕೊಂಡರು. ಸಾಲದ್ದಕ್ಕೆ ಅಕ್ಕನ ಓಲೆಯೂ ಸರವೂ ಅಡವಿಗೆ ಹೋದವು. ಕೈಗೆ ಬಂದದ್ದು 20 ರೂಪಾಯಿ ಸ್ಟಾಂಪ್ ಕಾಗದದ ಮೇಲೆ ತಮಿಳಿನಲ್ಲಿ ಬರೆದು ನೋಟರಿಯ ಮೊಹರು ಹಾಕಿದ ಒಂದು ಒಪ್ಪಂದ. ಕೆಂಪು ಮೊಹರು ಕಂಡು ಅದೇ ಕ್ರಯಪತ್ರವೆಂದು ಅವರು ನಂಬಿದರು. ಅಡಿಗಲ್ಲು ಇಡುವ ದಿನ ನಮ್ಮನ್ನು ಕರೆದರು. ನಾವು ಹೋದೆವು, ಜಪ ಮಾಡಿದೆವು, ಕಲ್ಲಿಗೆ ತೀರ್ಥ ಚಿಮುಕಿಸಿದೆವು, ಪಾಯಸ ಕುಡಿದು ಬಂದೆವು. ಕಾಗದ ಎಲ್ಲಿದೆ ಎಂದು ಕೇಳಲಿಲ್ಲ.

ಶೀಟು ಹೊದಿಸಿದ ಒಂದು ಕೋಣೆ ಎದ್ದು ವರ್ಷ ತುಂಬುವ ಮೊದಲೇ ಕಂದಾಯ ಇಲಾಖೆಯ ನೋಟೀಸು ಬಂತು. ಆ ಸರ್ವೆ ನಂಬರು ಕೆರೆ ಪೊರಂಬೋಕು. ಮಾರಿದವನ ಫೋನು ಬಂದ್. ಒಂದು ಬೆಳಿಗ್ಗೆ ಜೆ.ಸಿ.ಬಿ. ಬಂತು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಆ ಅಣ್ಣ ಈಗ ರಾತ್ರಿ ಕಾವಲು ಕೆಲಸಕ್ಕೆ ಹೋಗುತ್ತಾರೆ. ಅಕ್ಕ ಒಂದು ಕಂಪನಿಯಲ್ಲಿ ನೆಲ ಒರೆಸುತ್ತಾರೆ. ಮುರಿದ ಗೋಡೆಯ ಪಕ್ಕದಲ್ಲಿ ನಿಂತಿದ್ದಾಗ ಅಕ್ಕ ನಮ್ಮನ್ನು ಬೈಯಲಿಲ್ಲ. "ಉಪದೇಶಿಯಣ್ಣಾ, ನೀವು ಓದು ಬರಹ ಬಲ್ಲವರು, ಆವತ್ತು ಬಂದಿದ್ದಿರಲ್ಲ, ಒಂದು ಮಾತು ಕೇಳಬಾರದಿತ್ತಾ?" ಎಂದರು ಅಷ್ಟೆ. ಆ ಮಾತಿಗೆ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ.

ಆ ದಿನದಿಂದ ಒಂದು ತೀರ್ಮಾನ ಮಾಡಿದ್ದೇವೆ. ನೆಲದ ಪತ್ರಗಳನ್ನು ನೋಡದೆ ಯಾರ ಅಡಿಗಲ್ಲಿನ ಜಪಕ್ಕೂ ನಾವು ಹೋಗುವುದಿಲ್ಲ. ಗುರುಗಳು ಬಂದು ಮನೆಯನ್ನು ಆಶೀರ್ವದಿಸುವುದು ಬೇರೆ ಮಾತು, ಅದರಲ್ಲಿ ನಾವು ತಲೆಹಾಕುವುದಿಲ್ಲ. ನಮ್ಮ ಪಾಲಿನ ಜಪಕ್ಕೆ ಮಾತ್ರ ಈ ನಿಯಮ.

ಇದನ್ನು ಕೇಳಿ ಕೆಲವರು ಬೇಸರ ಮಾಡಿಕೊಂಡಿದ್ದಾರೆ. "ದೇವರ ಮುಂದೆ ಷರತ್ತು ಹಾಕುವವನು ಎಂಥ ಉಪದೇಶಿ? ನಂಬಿಕೆ ಇಲ್ಲವೇ?" ಎಂದು ಒಬ್ಬ ಹಿರಿಯರು ಕೇಳಿದರು. ಅವರಿಗೆ ನಾವು ಬೈಬಲನ್ನೇ ತೋರಿಸಿದೆವು. ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು ಕೊಂಡಾಗ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದನು, 17 ಶೆಕೆಲ್. ಪತ್ರ ಬರೆದು, ಸಾಕ್ಷಿಗಳಿಂದ ರುಜು ಮಾಡಿಸಿ, ಮುದ್ರೆ ಹಾಕಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಕೆಡದಿರಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದನು. ಅವನಿಗೆ ನಂಬಿಕೆ ಕಡಿಮೆಯಿತ್ತೇ? ಶತ್ರು ಊರನ್ನು ಮುತ್ತಿದ್ದ ಕಾಲದಲ್ಲಿ, ಆ ನೆಲ ಮುಂದೊಂದು ದಿನ ಮಕ್ಕಳಿಗೆ ಉಳಿಯುತ್ತದೆ ಎಂದು ನಂಬಿಯೇ ಅವನು ಪತ್ರ ಮಾಡಿಸಿದನು. ಪರದೇಶಿಯಾಗಿದ್ದ ಅಬ್ರಹಾಮನೂ ಸಾರಳ ಸಮಾಧಿಗೆಂದು ಮಕ್ಪೇಲದ ಹೊಲವನ್ನು ಪುಕ್ಕಟೆ ತೆಗೆದುಕೊಳ್ಳಲು ಒಪ್ಪದೆ, ಊರ ಬಾಗಿಲಲ್ಲಿ ಎಲ್ಲರೆದುರು 400 ಶೆಕೆಲ್ ತೂಗಿ ಕೊಂಡನು. ಆದ್ದರಿಂದ ಪತ್ರ ಕೇಳುವುದು ಅಪನಂಬಿಕೆಯಲ್ಲ. ಹೆಂಡತಿ ಮಕ್ಕಳ ಮೇಲೆ ಪ್ರೀತಿಯಿರುವವನು ಮಾಡಬೇಕಾದ ಕೆಲಸ.

ಹಾಗಾದರೆ ಯಾವ ಪತ್ರ ನೋಡಬೇಕು? ನಾವು ಎಸ್.ಎಸ್.ಎಲ್.ಸಿ. ಓದಿದವರು, ವಕೀಲರಲ್ಲ. ಸಬ್ ರಿಜಿಸ್ಟ್ರಾರ್ ಆಫೀಸು, ತಾಲೂಕು ಆಫೀಸುಗಳ ಬೆಂಚಿನಲ್ಲಿ ಕೂತು ಕಲಿತದ್ದನ್ನು ಹೇಳುತ್ತೇವೆ.

ಮೊದಲನೆಯದು ಪಟ್ಟಾ. ಮಾರುವವನ ಹೆಸರಿನಲ್ಲೇ ಇದೆಯೇ, ಸರ್ವೆ ನಂಬರು ಅದೇ ನೆಲದ್ದೇ ಎಂದು ನೋಡಬೇಕು. ಆ ನಂಬರು ಪೊರಂಬೋಕೋ ಖಾಸಗಿಯೋ ಎಂಬುದು ಗ್ರಾಮದ ಎ ರಿಜಿಸ್ಟರಿನಲ್ಲಿರುತ್ತದೆ. ಪಟ್ಟಾವನ್ನೂ ಎ ರಿಜಿಸ್ಟರನ್ನೂ ಈಗ ಸರ್ಕಾರದ ಜಾಲತಾಣದಲ್ಲೇ ನೋಡಬಹುದು. ಮಕ್ಕಳ ಫೋನು ಸಾಕು. ವಿ.ಎ.ಓ. ಅವರನ್ನೂ ಹೋಗಿ ಕೇಳಬೇಕು. ಸರ್ಕಾರ ಬಡವರಿಗೆ ಷರತ್ತಿನ ಮೇಲೆ ಕೊಟ್ಟ ನೆಲವಾದರೆ ಅದನ್ನು ಮನಬಂದಂತೆ ಮಾರುವಂತಿಲ್ಲ. ಕೊಂಡವರ ಕೈಯಿಂದ ಸರ್ಕಾರ ವಾಪಸ್ಸು ತೆಗೆದುಕೊಳ್ಳಬಹುದು.

ಎರಡನೆಯದು ಋಣಭಾರ ಪತ್ರ. ಎಲ್ಲರ ಬಾಯಲ್ಲಿ ಅದು ಇ.ಸಿ. ಆ ನೆಲ ಯಾರಿಂದ ಯಾರಿಗೆ ಹೋಯಿತು, ಎಲ್ಲಿ ಅಡವಿದೆ ಎಂಬುದು ಅದರಲ್ಲಿ ವರ್ಷವಾರು ಇರುತ್ತದೆ. ಮೂವತ್ತು ವರ್ಷದ್ದನ್ನು ನೋಡಬೇಕು. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಇದನ್ನು ನೋಡಲು ಶುಲ್ಕವಿಲ್ಲ.

ಮೂರನೆಯದು ಮೂಲಪತ್ರಗಳು. ಜೆರಾಕ್ಸ್ ಅಲ್ಲ, ಮೂಲವನ್ನೇ ಕಣ್ಣಾರೆ ಕಾಣಬೇಕು. ಮೂಲ ಇಲ್ಲವೆಂದರೆ ಅದು ಎಲ್ಲೋ ಅಡವಿರಬಹುದು. ಮಾರುವವನ ತಂದೆಯ ಆಸ್ತಿಯಾದರೆ ಅವನ ಅಕ್ಕತಂಗಿಯರೂ ರುಜು ಹಾಕಬೇಕು. ಇಲ್ಲವಾದರೆ ಮುಂದೆ ಅವರು ಪಾಲು ಕೇಳಿಕೊಂಡು ಕೋರ್ಟಿಗೆ ಹೋದಾರು.

ನಾಲ್ಕನೆಯದು ಬಡಾವಣೆಯ ಅನುಮೋದನೆ. ಡಿ.ಟಿ.ಸಿ.ಪಿ. ಎಂದು ಕರೆಯುವ ನಗರ ಗ್ರಾಮ ಯೋಜನಾ ಇಲಾಖೆ ಒಪ್ಪಿದ ನಕ್ಷೆಯಿರಬೇಕು. ಅನುಮೋದನೆಯಿಲ್ಲದ ಸೈಟುಗಳ ನೋಂದಣಿಗೆ 2016ರ ಸೆಪ್ಟೆಂಬರ್ 9ರಂದು ಮದ್ರಾಸ್ ಹೈಕೋರ್ಟು ತಡೆ ಹಾಕಿತು. 2016ರ ಅಕ್ಟೋಬರ್ 20ರೊಳಗೆ ಮಾರಾಟವಾಗಿದ್ದ ಹಳೆಯ ಸೈಟುಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡಲು 2017ರಲ್ಲಿ ಸರ್ಕಾರ ನಿಯಮ ತಂದಿತು. "ಅಪ್ರೂವಲ್ ಬರುತ್ತದೆ, ಅರ್ಜಿ ಹಾಕಿದ್ದೇವೆ" ಎಂಬ ಮಾತನ್ನು ನಂಬಿ ಹಣ ಕೊಡಬಾರದು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ 2016ರ ರೇರಾ ಕಾಯಿದೆಯಂತೆ ಅದಕ್ಕೆ ನೋಂದಣಿ ನಂಬರೂ ಇರಬೇಕು. ಅಂಥ ಕಡೆ ಒಪ್ಪಂದವನ್ನು ನೋಂದಾಯಿಸದೆ ಬೆಲೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಲು ಮಾರುವವನಿಗೆ ಅಧಿಕಾರವಿಲ್ಲ.

ಕೊನೆಯದು ರಿಜಿಸ್ಟರಾದ ಕ್ರಯಪತ್ರ. ಅದಿಲ್ಲದೆ ನೆಲ ನಮ್ಮದಾಗುವುದಿಲ್ಲ. ನೋಟರಿಯ ಮೊಹರು ಕ್ರಯವಲ್ಲ. ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಒಡೆತನ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಯಜಮಾನ ಕೊಟ್ಟ ಪವರನ್ನು ಹಿಡಿದು ದಲ್ಲಾಳಿ ಕ್ರಯ ಮಾಡಿಕೊಡುವುದುಂಟು. ಆಗ ಯಜಮಾನ ಬದುಕಿದ್ದಾನೆಯೇ ಎಂದು ವಿಚಾರಿಸಬೇಕು. ಅವನು ಸತ್ತರೆ ಪವರೂ ಸತ್ತಂತೆ. ಇನ್ನೊಂದು ಮಾತು. ಸಬ್ ರಿಜಿಸ್ಟ್ರಾರರು ಪತ್ರವನ್ನು ದಾಖಲು ಮಾಡುತ್ತಾರೆಯೇ ಹೊರತು ಒಡೆತನಕ್ಕೆ ಜಾಮೀನು ನಿಲ್ಲುವುದಿಲ್ಲ. ಆದ್ದರಿಂದ ರಿಜಿಸ್ಟರಾಗಿದೆ ಎಂಬ ಒಂದೇ ಧೈರ್ಯ ಸಾಲದು, ಮೇಲಿನ ನಾಲ್ಕೂ ಬೇಕು.

ನಮ್ಮ ಕನ್ನಡ ಕುಟುಂಬಗಳಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ. ಪತ್ರಗಳು ತಮಿಳಿನಲ್ಲಿವೆ. ದೊಡ್ಡವರು ತಮಿಳು ಆಡಬಲ್ಲರು, ಓದಲಾರರು. ಹೆಬ್ಬೆಟ್ಟು ಒತ್ತಿ ಎಂದರೆ ಒತ್ತುತ್ತಾರೆ, ರುಜು ಹಾಕಿ ಎಂದರೆ ಹಾಕುತ್ತಾರೆ. ಆದರೆ ನಮ್ಮ ಮಕ್ಕಳು ಓದಬಲ್ಲರು. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಶಾಲೆಗೆ ಹೋದ ನಮ್ಮ ಮಕ್ಕಳಿಗೆಲ್ಲ ತಮಿಳು ಕಡ್ಡಾಯವಾಯಿತು. ಕನ್ನಡ ಓದು ಕಡಿಮೆಯಾಗುತ್ತಿದೆಯೆಂಬ ನೋವು ನಮಗೂ ಇದೆ, ಅದನ್ನು ಇನ್ನೊಮ್ಮೆ ಮಾತಾಡೋಣ. ಕಲಿತ ವಿದ್ಯೆಯನ್ನು ಮನೆಯ ಕೆಲಸಕ್ಕೆ ಬಳಸಿಕೊಳ್ಳುವುದರಲ್ಲಿ ತಪ್ಪೇನು?

ಕಳೆದ ವರ್ಷ ಒಂದು ಕುಟುಂಬ ಹಾಗೇ ಮಾಡಿತು. ಅಕ್ಕತಂಗಿಯರಿಬ್ಬರು ಕಾರ್ಖಾನೆಯಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಹಳೆಯದೊಂದು ಸಣ್ಣ ಮನೆ ನೋಡಿದರು. ಇ.ಸಿ. ತೆಗೆಸಿ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೂತೆವು. ಹತ್ತನೇ ಕ್ಲಾಸಿನ ಹುಡುಗಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. ಒಂದು ಕಡೆ "ಅಡಮಾನಂ" ಎಂದು ಬಂತು. ಒಂದಕ್ಷರ ತಮಿಳು ಓದಲಾರದ ಅಜ್ಜಿ ತಟ್ಟನೆ, "ನಿಲ್ಲು ಮಗಾ, ಅಡಮಾನ ಅಂದ್ಯಲ್ಲ, ಬಿಡಿಸಿದ್ದಾರಾ ಕೇಳು" ಎಂದರು. ಬಿಡಿಸಿರಲಿಲ್ಲ. ಮನೆ ಸಾಲಕ್ಕೆ ಅಡವಿತ್ತು. ಮಾರುವವರು ಮೊದಲು ಸಿಟ್ಟಾದರು. ಆಮೇಲೆ ಸಾಲ ತೀರಿಸಿ, ತೀರಿಸಿದ ರಸೀದಿಯನ್ನೂ ರಿಜಿಸ್ಟರ್ ಮಾಡಿಸಿ ತಂದರು. ಎರಡು ತಿಂಗಳು ತಡವಾಯಿತು. ಇವತ್ತು ಆ ಅಜ್ಜಿ ಆ ಮನೆಯ ಬಾಗಿಲಲ್ಲಿ ನಿಶ್ಚಿಂತೆಯಿಂದ ಅವರೆಕಾಯಿ ಬಿಡಿಸುತ್ತಿದ್ದಾರೆ.

ಇನ್ನು ಹಣದ ಮಾತು. ತೋಟದಲ್ಲಿ 30 ವರ್ಷ ದುಡಿದವರಿಗೆ ಏನು ಸಿಗುತ್ತದೆ? ದಿನಗೂಲಿ 450 ರೂ. ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಕೂಲಿ ಎಂಬ ಗ್ರಾಚ್ಯುಟಿ ಲೆಕ್ಕದಲ್ಲಿ ವರ್ಷಕ್ಕೆ 6,750, ಮೂವತ್ತು ವರ್ಷಕ್ಕೆ 2,02,500 ರೂ. ಇದು ಮೂವತ್ತು ವರ್ಷದ ಬೆವರಿನ ಹಣ, ಎರಡನೇ ಸಲ ಬರುವುದಿಲ್ಲ. ಇದನ್ನು ಒಂದೇ ದಿನ ವ್ಯಾನಿನಲ್ಲಿ ಬಂದವನ ಕೈಗೆ ಇಡಬೇಡಿ. ಕೈಗೆ ಬಂದ ಮೇಲೆ ಕಡೇಪಕ್ಷ ಮೂರು ತಿಂಗಳು ಬ್ಯಾಂಕಿನಲ್ಲಿ ಇರಲಿ. ಆ ಮೂರು ತಿಂಗಳಲ್ಲಿ ಕೈ ತಪ್ಪಿಹೋಗುವ ಸೈಟು ಹೋಗಲಿ, ಇನ್ನೊಂದು ಸಿಕ್ಕೀತು.

ಸಾಲವಿಲ್ಲದೆ ಮನೆ ಆಗುವುದು ನಮ್ಮಂಥವರಿಗೆ ಕಷ್ಟ. ಆದರೆ ಯಾರ ಸಾಲ? ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಒಂದು ಲಕ್ಷಕ್ಕೆ ವರ್ಷಕ್ಕೆ 36,000 ತಿನ್ನುತ್ತದೆ, ಅಸಲು ಹಾಗೇ ಇರುತ್ತದೆ. ಬ್ಯಾಂಕಿನಲ್ಲಿ ಶೇಕಡ 9ರ ಬಡ್ಡಿಗೆ 8 ಲಕ್ಷ ತೆಗೆದರೆ, 15 ವರ್ಷಕ್ಕೆ ತಿಂಗಳ ಕಂತು ಸುಮಾರು 8,100 ರೂ. ಒಟ್ಟು ಕಟ್ಟುವುದು ಸುಮಾರು 14 ಲಕ್ಷ 60 ಸಾವಿರ. ಕಂತು ಕಡಿಮೆಯಾಗಲೆಂದು 20 ವರ್ಷಕ್ಕೆ ಮಾಡಿದರೆ ತಿಂಗಳಿಗೆ ಸುಮಾರು 7,200, ಒಟ್ಟು 17 ಲಕ್ಷ 27 ಸಾವಿರ. ತಿಂಗಳಿಗೆ 900 ಉಳಿಸಲು ಹೋಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಕೊಡುತ್ತೇವೆ. ಕುಟುಂಬದಲ್ಲಿ ಒಬ್ಬರ ಕೆಲಸ ನಿಂತರೂ ಇನ್ನೊಬ್ಬರ ಸಂಬಳದಲ್ಲಿ ಕಂತು ಕಟ್ಟಿ ಊಟ ಮಾಡಲು ಆಗುತ್ತದೆಯೇ ಎಂದು ನೋಡಿಕೊಂಡೇ ಸಾಲಕ್ಕೆ ರುಜು ಹಾಕಬೇಕು. ಇನ್ನೊಂದು ಉಪಯೋಗವೂ ಇದೆ. ಸಾಲ ಕೊಡುವ ಮೊದಲು ಬ್ಯಾಂಕಿನ ವಕೀಲರು ಪತ್ರ ಪರೀಕ್ಷೆ ಮಾಡುತ್ತಾರೆ. ಪತ್ರ ಸರಿಯಿಲ್ಲವೆಂದು ಬ್ಯಾಂಕು ಸಾಲ ಕೊಡದ ಸೈಟಿಗೆ ನೀವೇಕೆ ನಿಮ್ಮ ಹಣ ಕೊಡುತ್ತೀರಿ?

ಬ್ಯಾಂಕು ಪೂರ್ತಿ ಬೆಲೆಯನ್ನು ಕೊಡುವುದಿಲ್ಲ. 30 ಲಕ್ಷದೊಳಗಿನ ಮನೆ ಸಾಲಕ್ಕೆ ಬೆಲೆಯ ಶೇಕಡ 90 ಎಂಬುದು ಮೇಲಿನ ಮಿತಿ. ಉಳಿದದ್ದು ನಮ್ಮ ಕೈಯಿಂದಲೇ ಬರಬೇಕು. ಅದರ ಮೇಲೆ ರಿಜಿಸ್ಟ್ರಿ ಖರ್ಚು. ತಮಿಳುನಾಡಿನಲ್ಲಿ ಸ್ಟಾಂಪ್ ಶುಲ್ಕ ಶೇಕಡ 7, ನೋಂದಣಿ ಶುಲ್ಕ ಶೇಕಡ 2. ಹತ್ತು ಲಕ್ಷದ ಮನೆಗೆ 90,000 ರೂ. ಇದನ್ನು ಲೆಕ್ಕಕ್ಕೆ ಹಿಡಿಯದೆ ಕಡೇ ಗಳಿಗೆಯಲ್ಲಿ ಬಡ್ಡಿಗೆ ಓಡುವವರನ್ನು ಕಂಡಿದ್ದೇವೆ. 2025ರ ಏಪ್ರಿಲ್ 1ರಿಂದ ಹತ್ತು ಲಕ್ಷದೊಳಗಿನ ಆಸ್ತಿಯನ್ನು ಹೆಂಗಸರ ಹೆಸರಿಗೆ ರಿಜಿಸ್ಟರ್ ಮಾಡಿಸಿದರೆ ನೋಂದಣಿ ಶುಲ್ಕದಲ್ಲಿ ಶೇಕಡ 1 ಕಡಿತವಿದೆ. ಹತ್ತು ಸಾವಿರ ಉಳಿಯುತ್ತದೆ. ಆದರೆ ಹತ್ತು ಸಾವಿರಕ್ಕಾಗಿಯೇ ಅಲ್ಲ, ಮನೆಯಾಕೆಯ ಹೆಸರಿನಲ್ಲಿ ಪತ್ರ ಮಾಡಿಸಿ ಎಂದು ನಾವು ಹೇಳುತ್ತೇವೆ. ಆಕೆಯ ರುಜುವಿಲ್ಲದೆ ಮನೆಯನ್ನು ಕುಡಿತಕ್ಕೋ ಜೂಜಿಗೋ ಅಡವಿಡಲು ಆಗುವುದಿಲ್ಲ. ಓಲೆ ಸರ ಆಕೆಯದು ಹೋಗಿದೆ, ಹೆಸರು ಗಂಡಸಿನದು ಮಾತ್ರ ಏಕೆ?

ಸರ್ಕಾರದ ಸಹಾಯವನ್ನೂ ಕೇಳಿ ಪಡೆಯಬೇಕು. ದೇಶದಲ್ಲಿ ಎಲ್ಲೂ ಪಕ್ಕಾ ಮನೆಯಿಲ್ಲದ, ವರ್ಷದ ವರಮಾನ 9 ಲಕ್ಷದೊಳಗಿನ ನಗರವಾಸಿ ಕುಟುಂಬಕ್ಕೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯ 2024ರ ಎರಡನೇ ಹಂತದಲ್ಲಿ ಮನೆ ಸಾಲದ ಬಡ್ಡಿಗೆ 1 ಲಕ್ಷ 80 ಸಾವಿರದ ವರೆಗೆ ಸಹಾಯಧನ ಇಟ್ಟಿದ್ದಾರೆ. ಹಳ್ಳಿಗಳಲ್ಲಿ ಗುಡಿಸಲು ವಾಸಿಗಳಿಗೆ ರಾಜ್ಯ ಸರ್ಕಾರ 2024ರಲ್ಲಿ ಕಲೈಞರ್ ಕನವು ಇಲ್ಲಂ ಯೋಜನೆ ತಂದು, 360 ಚದರ ಅಡಿಯ ಮನೆಗೆ 3 ಲಕ್ಷ 50 ಸಾವಿರ ರೂ. ಗೊತ್ತುಮಾಡಿತು. ಪಿ.ಎಫ್. ಹಣದಿಂದಲೂ ಮನೆಗೆಂದು ತೆಗೆಯಲು ಅವಕಾಶವಿದೆ. ಇವುಗಳ ನಿಯಮ ಬದಲಾಗುತ್ತಿರುತ್ತದೆ. ಅರ್ಜಿ ಹಾಕುವ ಮುನ್ನ ಸಂಘದ ಆಫೀಸಿನಲ್ಲಿ ವಿಚಾರಿಸಿ. ಮಂಜೂರು ಮಾಡಿಸಿಕೊಡುತ್ತೇನೆಂದು ಕಮಿಷನ್ ಕೇಳುವವನಿಗೆ ಮಾತ್ರ ಕೊಡಬೇಡಿ.

ಹಳ್ಳಿಯೋ ಪಟ್ಟಣವೋ ಎಂದು ಹಲವರು ಕೇಳುತ್ತಾರೆ. ಅಂಚೆಟ್ಟಿ ಕಡೆ ತಾತನ ಪಾಲಿನ ನೆಲವಿದ್ದು, ಅದರ ಪಟ್ಟಾ ನಮ್ಮವರ ಹೆಸರಿನಲ್ಲೇ ಇದ್ದರೆ, ನಿವೃತ್ತರಾದ ಹಿರಿಯರು ಅಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಳ್ಳುವುದು ಮೇಲು. ದುಡಿಯುವ ಮಕ್ಕಳು ಹೊಸೂರಿನಲ್ಲಿ ಬಾಡಿಗೆಗಿದ್ದು ಮೆಲ್ಲಗೆ ಕೂಡಿಡಲಿ. ಮನೆಯಲ್ಲಿ ಇಬ್ಬರಿಗೆ ಖಾಯಂ ಕೆಲಸವಿರುವವರು ಪಟ್ಟಣದಲ್ಲಿ ಕೊಳ್ಳಲಿ. ಬಾಡಿಗೆ ಮನೆಯಲ್ಲಿರುವುದು ಅವಮಾನವಲ್ಲ. ಪಕ್ಕದವರು ಗೃಹಪ್ರವೇಶ ಮಾಡಿದರೆಂದು ನಾವೂ ಮಾಡಲು ಹೊರಡುವುದು ಅಪಾಯ.

ಆದರೆ ಎಲ್ಲ ತಪ್ಪನ್ನೂ ಕೊಳ್ಳುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಹುಡುಗರು ಬ್ಯಾಂಕಿಗೆ ಏಕೆ ಹೋಗುವುದಿಲ್ಲ? ಬ್ಯಾಂಕು ಸಂಬಳ ಚೀಟಿ ಕೇಳುತ್ತದೆ. ಏಳೆಂಟು ವರ್ಷ ಒಂದೇ ಗೇಟಿನೊಳಗೆ ದುಡಿದರೂ ವರ್ಷಕ್ಕೊಬ್ಬ ಕಂಟ್ರಾಕ್ಟರನ ಹೆಸರಿನಲ್ಲಿರುವ ಹುಡುಗನ ಕೈಯಲ್ಲಿ ಸರಿಯಾದ ಚೀಟಿಯೇ ಇರುವುದಿಲ್ಲ. ಬ್ಯಾಂಕು ಬಾಗಿಲು ಹಾಕಿದಾಗ ಅವನು ಬಡ್ಡಿಯವನ ಬಳಿಗೂ 20 ರೂಪಾಯಿ ಕಾಗದದವನ ಬಳಿಗೂ ಹೋಗುತ್ತಾನೆ. ಆದ್ದರಿಂದ ಸಂಬಳ ಚೀಟಿ, ಪಿ.ಎಫ್. ನಂಬರು, ಖಾಯಮಾತಿ ಇವನ್ನು ಸಂಘ ಕೇಳುವಾಗ ಅದು ಕೂಲಿಯ ಬೇಡಿಕೆ ಮಾತ್ರವಲ್ಲ, ಮನೆಯ ಬೇಡಿಕೆಯೂ ಹೌದು. ಮೀಟಿಂಗಿಗೆ ಬನ್ನಿ ಎಂದರೆ "ಡಬಲ್ ಡ್ಯೂಟಿ ಇದೆ" ಎನ್ನುವ ತಮ್ಮಂದಿರು ಇದನ್ನು ಯೋಚಿಸಬೇಕು.

ಈಗ ನಮ್ಮ ಸಲಹೆ ಇಷ್ಟು. ಪ್ರತಿ ತಿಂಗಳ ಮೊದಲ ಭಾನುವಾರ ಪೂಜೆಯಾದ ಮೇಲೆ ಒಂದು ಗಂಟೆ ಪತ್ರ ಓದುವ ಕೂಟ ನಡೆಸೋಣ. ನೆಲ ಕೊಳ್ಳಬೇಕೆಂದಿರುವವರು ಅಡ್ವಾನ್ಸ್ ಕೊಡುವ ಮೊದಲು ಕಾಗದ ತರಲಿ. ಮಕ್ಕಳು ತಮಿಳಿನಲ್ಲಿ ಓದಲಿ, ಹಿರಿಯರು ಕನ್ನಡದಲ್ಲಿ ಪ್ರಶ್ನೆ ಕೇಳಲಿ. ನೆಲ ನೋಡಲು ಒಬ್ಬರೇ ಹೋಗದೆ ಮೂವರು ಹೋಗಲಿ, ಅದರಲ್ಲಿ ಒಬ್ಬರು ಹೆಂಗಸಿರಲಿ. ಅನುಮಾನ ಬಂದರೆ ಉಚಿತ ಕಾನೂನು ನೆರವು ಕೇಳೋಣ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ ವರಮಾನ ನೋಡದೆ ಆ ನೆರವು ಸಿಗಬೇಕು. ಮೋಸಹೋದವರು ನಾಚಿಕೆಯಿಂದ ಮನೆಯಲ್ಲೇ ಕೂರದೆ ಬಂದು ಹೇಳಲಿ. ಒಬ್ಬರು ಬಾಯಿ ಬಿಟ್ಟರೆ ಹತ್ತು ಮನೆ ಉಳಿಯುತ್ತದೆ.

ಆ ಅಣ್ಣನ ಪರವಾಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ. ಹಣ ಬಂದಿಲ್ಲ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅಕ್ಕನಿಗೆ ಓದಿ ಹೇಳಿ, ನಿಮ್ಮ ವಿಷಯ ಬರೆಯಬಹುದೇ ಎಂದು ಕೇಳಿದೆವು. "ಹೆಸರು ಹಾಕಬೇಡಿ, ವಿಷಯ ಹಾಕಿ. ಮೊದಲ ಭಾನುವಾರ ನಾನೂ ಬಂದು ಕೂರುತ್ತೀನಿ. ಕಾಗದ ತರುವವರಿಗೆ ಆ ಮೊಹರು ಹೇಗಿತ್ತು ಅಂತ ತೋರಿಸ್ತೀನಿ, ಇನ್ನೂ ಇಟ್ಟಿದ್ದೀನಿ" ಎಂದರು.

ಬನ್ನಿ, ಕಾಗದ ತನ್ನಿ. ಓದಿ ನೋಡೋಣ. ಎಲ್ಲ ಸರಿಯಿದ್ದರೆ ಅಡಿಗಲ್ಲಿಗೆ ನಾವೇ ಮುಂದೆ ನಿಂತು ಜಪ ಮಾಡುತ್ತೇವೆ.